ನಾಲ್ಕರ ಮೇಲೆ ನಿಂತ ಮುಳ್ಳು

ನಗೋರು ಈಗಲೇ ಎದ್ದು ಹೋಗಿ ಮಲಗ್ಬಿಡಿ. ಇದು ಕಟ್ಟಿದ ಕತೆ ಅಲ್ಲ. ನಮ್ಮ ಸೋದರತ್ತೆ ಮಗ ಚಲಪತಿಗೆ ಆಗಿದ್ದು.

ತೊಂಬತ್ನಾಲ್ಕನೇ ಇಸವಿ. ಶಿಡ್ಲಘಟ್ಟದಿಂದಾಚೆ, ಚಿಂತಾಮಣಿ ರಸ್ತೆಯಲ್ಲಿದ್ದ ಒಂದು ರೇಷ್ಮೆ ನೂಲಿನ ಮಿಲ್ಲಲ್ಲಿ ಅವನು ಮೀಟರು, ವಾಲ್ವು ನೋಡ್ಕೊಳ್ಳೋ ಮೆಕ್ಯಾನಿಕ್ಕು. ಆವತ್ತು ರಾತ್ರಿ ಮಿಲ್ಲಿಂದ ಒಬ್ಬನೇ ನಡ್ಕೊಂಡು ಬರ್ತಿದ್ದ. ಆಲದ ಮರದ ಕೆಳಗಿನ ಹಾಳುಬಾವಿ ಹತ್ರ ಬಂದಾಗ... ಟಕ್. ಆಮೇಲೆ, ಸ್ಸ್ಸ್... ಬಾವಿ ಒಳಗಿಂದ.

ಚಲಪತಿ ನಿಂತ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಹಬೆ ವಾಲ್ವ್ ತೆಗೆಯೋ ಸದ್ದು. ಮೊದಲು ಟಕ್, ಆಮೇಲೆ ಹಬೆ. ನೀರೇ ಇಲ್ಲದ ಬಾವಿಯಲ್ಲಿ ವಾಲ್ವ್ ಎಲ್ಲಿಂದ ಬರ್ಬೇಕು?

"ಚಲಪತಣ್ಣ... ಬಾಗ್ಲು ತೆಗ್ಯಣ್ಣ..."

ಅದೇ ಮಿಲ್ಲಲ್ಲಿ ಕೆಲಸಕ್ಕಿದ್ದ ಮುನಿಶಾಮಿ ದನಿ. ಮುನಿಶಾಮಿ ಸತ್ತು ಆಗಲೇ ವಾರ ಆಗಿತ್ತು.

ಹೇಗೆ ಸತ್ತ ಅಂತ ಹೇಳ್ತೀನಿ, ಮಕ್ಕಳ ಕಿವಿ ಮುಚ್ಚಿ. ಆ ಮಿಲ್ಲಲ್ಲಿ ರೇಷ್ಮೆಗೂಡು ಬೇಯಿಸೋಕೆ ಒಂದು ಕಬ್ಬಿಣದ ಕೋಣೆ. ಒಳಗೆ ಹಬೆ ಬಿಡೋ ವಾಲ್ವಿಗೂ ಆಚೆ ಬಾಗಿಲ ಪಕ್ಕದ ಪ್ಯಾನಲ್ಲಿಗೂ ನಡುವೆ ಎರಡೇ ಎರಡು ವೈರು. ವಾಲ್ವಿಗೆ ಕರೆಂಟು ಕೊಡೋದೂ ಅವೇ, ಇಷ್ಟು ತೆಗಿ ಅಂತ ಹೇಳೋದೂ ಅವೇ, ಇಷ್ಟು ತೆಗೆದಿದ್ದೀನಿ ಅಂತ ವಾಪಸ್ ಸುದ್ದಿ ತರೋದೂ ಅವೇ. ಪ್ಯಾನಲ್ ಮೇಲಿನ ಮೀಟರಲ್ಲಿ ಮುಳ್ಳು ಇಪ್ಪತ್ತಕ್ಕೆ ಹೋದ್ರೆ ವಾಲ್ವ್ ಪೂರ್ತಿ ತೆಗೆದಿದೆ. ಮುಚ್ಚಿದ್ರೆ ಸೊನ್ನೆ ಅಲ್ಲ, ನಾಲ್ಕು. ಸುಮ್ನಿದ್ರೂ ಆ ಕಡೆ ಜೀವ ಇದೆ ಅಂತ ಗೊತ್ತಾಗ್ಬೇಕಲ್ಲ, ಅದಕ್ಕೆ. ಸೊನ್ನೆಗೆ ಬಿತ್ತು ಅಂದ್ರೆ ವೈರು ತುಂಡಾಗಿದೆ ಅಂತ ಅರ್ಥ.

ಫೋರ್ಮನ್ ಆವಲಪ್ಪ ಮುನಿಶಾಮಿ ತಂಗಿ ಗಂಗುಲಮ್ಮನ ಕೈ ಹಿಡಿದೆಳೆದಿದ್ದ. ಮುನಿಶಾಮಿ ಗೇಟಲ್ಲಿ ಎಲ್ಲರ ಮುಂದೆ ಅವನಿಗೆ ಚಪ್ಪಲೀಲಿ ಹೊಡೆದ. ಮಾರನೇ ದಿನ ಮುನಿಶಾಮಿ ತೊಳೆಯೋಕೆ ಅಂತ ಆ ಕೋಣೆ ಒಳಗಿದ್ದಾಗ ಬಾಗಿಲು ಮುಚ್ಕೊಂಡಿತು. ಟಕ್... ಸ್ಸ್ಸ್. ತೆಗೆದು ನೋಡಿದಾಗ ಅವನ ಅಂಗೈ ಚರ್ಮ ಬಾಗಿಲಿಗೇ ಅಂಟಿತ್ತು.

ವೈರು ಕೆಟ್ಟು ವಾಲ್ವ್ ತಾನಾಗೇ ತೆಗೆದುಕೊಂಡಿದೆ, ಚಲಪತಿ ಕೆಲಸ ಸರಿಯಿಲ್ಲ ಅಂತ ಆವಲಪ್ಪ ಪೊಲೀಸರಿಗೆ ಹೇಳಿದ. ಬೆಳಿಗ್ಗೆ ಬಂದು ನೋಡ್ತೀವಿ, ವೈರು ಕೆಟ್ಟಿದ್ರೆ ಚಲಪತೀನ ಒಳಗೆ ಹಾಕ್ತೀವಿ ಅಂದಿದ್ರು ಅವರು. ಅದಕ್ಕೇ ಆ ರಾತ್ರಿ ಇವನು ಒಂದೊಂದು ಜಾಯಿಂಟೂ ಮುಟ್ಟಿ ನೋಡಿ ಬರ್ತಿದ್ದ. ಎಲ್ಲ ಸರಿಯಾಗೇ ಇತ್ತು.

ಬಾವಿಯಿಂದ ಮತ್ತೆ ಪಿಸುಮಾತು. "ಬಾಗ್ಲು ತೆಗ್ಯಣ್ಣ... ಅವ್ನು ಬಂದವ್ನೆ."

ಚಲಪತಿ ತಿರುಗಿ ಮಿಲ್ಲಿನ ಕಡೆ ಓಡಿದ. ನಾನಾಗಿದ್ರೆ ಮನೆ ಕಡೆ ಓಡ್ತಿದ್ದೆ, ಸುಳ್ಳು ಯಾಕೆ ಹೇಳಲಿ!

ಪ್ಯಾನಲ್ ಮುಂದೆ ಆವಲಪ್ಪ. ಕೈಯಲ್ಲಿ ಕಟಿಂಗ್ ಪ್ಲೇಯರ್. ಎರಡೂ ವೈರು ಕತ್ತರಿಸಿದ್ದ. ಮುಳ್ಳು ಸೊನ್ನೆಗೆ ಬಿದ್ದಿತ್ತು.

"ಆವಲಪ್ಪೋರೆ, ವೈರು ತುಂಡಾದ್ರೆ ಆ ವಾಲ್ವ್ ಮುಚ್ಕೊಳ್ತದೆ, ತೆಗ್ಯಲ್ಲ. ಯಾರಾದ್ರೂ ಇಲ್ಲಿ ಗುಂಡಿ ತಿರುಗಿಸಿದ್ರೇನೇ ತೆಗ್ಯೋದು."

"ನಾನೇ ತಿರುಗಿಸ್ದೆ ಕಣೋ! ನೋರು ಮೂಸ್ಕೋರಾ! ಬಾಯ್ಮುಚ್ಚು!"

ಪ್ಲೇಯರ್ ಜೇಬಿಗೆ ತುರುಕಿ, ಅಲ್ಲೇ ಬಿದ್ದಿದ್ದ ಸ್ಪ್ಯಾನರ್ ಎತ್ತಿ ಬೀಸಿದ. ಹೆಗಲ ಮೂಳೆ ಲಟಕ್ ಅಂತು. ಬಿದ್ದವನನ್ನ ಕೋಣೆ ಬಾಗಿಲಿಗೆ ಒತ್ತಿ, ವಾಲ್ವಿನ ಕಡೆಯಿಂದ ಬಂದಿದ್ದ ಆ ತುಂಡು ವೈರನ್ನೇ ಕತ್ತಿಗೆ ಸುತ್ತಿ ಬಿಗಿದ. ಚಲಪತಿಗೆ ಕಣ್ಣು ಕತ್ತಲಿಟ್ಟಿತು. ನಾಲಿಗೆ ಆಚೆ ಬಂತು. ತಡಕಾಡ್ತಿದ್ದ ಕೈಗೆ ಬಾಗಿಲ ಚಿಲಕ ಸಿಕ್ತು...

ಎಳೆದ. ಬಾಗಿಲು ತೆರ್ಕೊಂಡಿತು.

ಟಕ್.

ಮುಳ್ಳು ಎದ್ದಿತು. ನಾಲ್ಕು. ಹನ್ನೆರಡು. ಇಪ್ಪತ್ತು. ಪ್ಯಾನಲ್ ಕಡೆಯ ವೈರು ಗೇಣುದ್ದ ಬರಿದೇ ನೇತಾಡ್ತಿತ್ತು.

ಕತ್ತಿನ ಸುತ್ತ ಇದ್ದ ವೈರು ಸಡಿಲಾಯ್ತು. ಕೋಣೆ ಒಳಗಿಂದ ಯಾರೋ ಅದನ್ನ ಎಳ್ಕೋತಿದ್ರು. ಬಿಗಿಯೋಕೆ ಅಂತ ಆವಲಪ್ಪ ಅದರ ತುದಿನ ಮುಂಗೈಗೆ ಸುತ್ಕೊಂಡಿದ್ದ, ಅದು ಮಾಂಸ ಕುಯ್ದು ಮೂಳೆಗೆ ಕಚ್ಚಿತು. ನೆಲ ಪರಚ್ತಾ ಪರಚ್ತಾ ಕೋಣೆ ಒಳಗೆ ಹೋದ, ಉಗುರು ಕಿತ್ತು ನೆಲದಲ್ಲೇ ಉಳಿದ್ವು. ಧಡಾರ್ ಅಂತ ಬಾಗಿಲು. ಸ್ಸ್ಸ್... ಚಲಪತಿ ಒಂದೇ ಕೈಲಿ ಚಿಲಕ ಎಳೆದ, ಬರಲಿಲ್ಲ. ಪ್ಯಾನಲ್ ಗುಂಡಿ ತಿರುಗಿಸಿ ಹಬೆ ನಿಲ್ಲಿಸೋಕೆ ನೋಡಿದ. ವೈರೇ ಇಲ್ಲ, ಏನು ನಿಲ್ಲಿಸೋದು? ಒಳಗಿಂದ ದಬ ದಬ ಗುದ್ದೋದು ಎಷ್ಟೋ ಹೊತ್ತು ಕೇಳ್ತಿತ್ತು. ಆಮೇಲೆ ಅದೂ ಇಲ್ಲ.

ಬೆಳಿಗ್ಗೆ ಪೊಲೀಸರು ಬಂದು ಬಾಗಿಲು ತೆಗೆದ್ರು. ಆವಲಪ್ಪ ಬೆಂದ ಗೂಡಿನ ಹುಳದ ಥರ ಮುದುರಿ ಬಿದ್ದಿದ್ದ, ಪ್ಲೇಯರ್ ಇನ್ನೂ ಜೇಬಲ್ಲೇ ಇತ್ತು. ವೈರು ಕತ್ತರಿಸಿದ್ದು ಯಾರು ಅಂತ ಅವರಿಗೆ ಗೊತ್ತಾಯ್ತು. ಹೋಗಿ ಬಾಯ್ಲರ್ ಮುಟ್ಟಿ ನೋಡಿದ್ರು, ತಣ್ಣಗಿತ್ತು. ಮುನಿಶಾಮಿ ಸತ್ತ ದಿನದಿಂದ ಅದಕ್ಕೆ ಬೆಂಕಿ ಹಾಕೇ ಇರಲಿಲ್ಲ! ಮತ್ತೆ ಹಬೆ ಎಲ್ಲಿಂದ ಬಂತು? ಚಲಪತೀನ ಆಸ್ಪತ್ರೆಗೆ ಕಳಿಸಿದ್ರು, ಜೈಲಿಗಲ್ಲ.

ಮಿಲ್ಲು ಮುಚ್ಚಿತು, ಸಾಮಾನೆಲ್ಲ ಗುಜರಿಗೆ ಹೋಯ್ತು. ಆ ಮೀಟರು ಮಾತ್ರ ಚಲಪತಿ ಮನೆ ಅಟ್ಟದ ಮೇಲಿದೆ. ಅವನು ಅದನ್ನ ಎಸೆಯೋಕೂ ಬಿಡಲ್ಲ, ನೋಡೋಕೂ ಬರಲ್ಲ. ಹೋದ ವರ್ಷ ನಾನೇ ಇಳಿಸಿ ನೋಡಿದೆ. ಹಿಂದೆ ಒಂದು ವೈರೂ ಇಲ್ಲ. ಗಾಜು ತಟ್ಟಿದೆ, ತಲೆಕೆಳಗು ಮಾಡಿ ಅಲ್ಲಾಡಿಸಿದೆ. ನಂಬೋದಾದ್ರೆ ನಂಬಿ, ಬಿಟ್ರೆ ಬಿಡಿ, ಈ ಕಣ್ಣಲ್ಲೇ ನೋಡಿದ್ದು... ಮುಳ್ಳು ನಾಲ್ಕರ ಮೇಲೇ ಇತ್ತು.