ಮಾವನಿಗೊಂದು ಫೋಟೊ

ವಿಮಾನ ನಿಲ್ದಾಣದ ಸಾಲಿನಲ್ಲಿ ನಿವೃತ್ತ ಟೀಚರಮ್ಮನ ಮುಂದೆ ಒಬ್ಬ ಹುಡುಗಿ ಆಳೆತ್ತರದ ಪೆಟ್ಟಿಗೆಯೊಂದನ್ನು ಗಾಡಿಯ ಮೇಲಿಟ್ಟುಕೊಂಡು ನಿಂತಿದ್ದಳು. ಒಳಗಿದ್ದದ್ದು ಗುಡ್ಡಗಾಡಿನ ರೇಸಿನ ಸೈಕಲ್ಲು. ಅಷ್ಟರಲ್ಲಿ ಅವಳ ಸೋದರಮಾವ ಏದುಸಿರು ಬಿಡುತ್ತ ಓಡಿಬಂದ.

"ಪುಟ್ಟಿ, ಪೆಟ್ಟಿಗೆ ಪಕ್ಕ ಇಬ್ರೂ ನಿಂತು ಒಂದು ಫೋಟೊ ತೆಗೆಸ್ಕೊಳ್ಳೋಣ."

"ಯಾಕೆ ಮಾವ?"

"ನಮ್ಮನೆ ಹುಡುಗಿ ಮೊದಲ್ನೇ ಸಲ ಹೊರದೇಶದೋರ ಜೊತೆ ರೇಸಿಗಿಳೀತಿದಾಳೆ. ಬೀದಿಯೋರೆಲ್ಲ ನೋಡ್ಲಿ."

"ಅದೇ ಬೀದೀಲಿ ನನ್ನನ್ನ ಗಂಡುಬೀರಿ ಅಂತ ಕರೆದೋರು ಯಾರು?"

"ಅದು ತಮಾಷೆಗೆ ಕಣೆ."

"ನನ್ನ ಮೊದಲ್ನೇ ಸೈಕಲ್ಲನ್ನ ಗುಜರಿಗೆ ಹಾಕಿದ್ದೂ ತಮಾಷೆಗಾ?"

"ಹಳೇದೆಲ್ಲ ಈಗ್ಯಾಕೆ? ಗೆದ್ದು ಬಾ, ಮೆರವಣಿಗೆ ಮಾಡಿಸ್ತೀನಿ."

"ಅಲ್ಲಿರೋರು ನನಗೆ ಧೂಳು ಕುಡಿಸಿ ಕಳಿಸ್ತಾರೆ. ಕೊನೆಯೋಳಾಗಿ ಬಂದ್ರೂ ಮೆರವಣಿಗೆ ಇರುತ್ತಾ?"

ಮಾವ ಕತ್ತು ಕೆರೆದುಕೊಂಡ. "ಕೊನೆ ಅಂದ್ರೆ... ನೋಡೋಣ ಬಿಡು."

"ಹಾಗಾದ್ರೆ ಫೋಟೊನೂ ಆಮೇಲೇ ನೋಡೋಣ."

ಸಾಲು ಸರಿಯಿತು. ಹುಡುಗಿ ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು. ಮಾವ ಫೋನನ್ನು ಟೀಚರಮ್ಮನ ಕೈಗೆ ತುರುಕಿದ.

"ಬೇಗ ತೆಗೀರಿ ಮೇಡಂ. ಹಿಂದೆ ಅವಳ ಬೆನ್ನು ಕಂಡರೂ ಸಾಕು."

ಟೀಚರಮ್ಮ ಕನ್ನಡಕ ಸರಿಮಾಡಿಕೊಂಡು ಗುಂಡಿ ಒತ್ತುವಷ್ಟರಲ್ಲಿ ಅವಳು ಗಾಜಿನ ಬಾಗಿಲು ದಾಟಿಯಾಗಿತ್ತು. ಫೋಟೊದಲ್ಲಿ ಮಾವನೊಬ್ಬನೇ ಹಲ್ಲು ಕಿರಿಯುತ್ತಿದ್ದ.