ಫೋಟೋ ತೆಗೆದವನು

ಬಿಗ್ ಬೇರ್ ಬೆಟ್ಟದ ಕಾಫಿ ಅಂಗಡಿಯ ಸಾಲಿನಲ್ಲಿ, ಮುಂದೆ ನಿಂತಿದ್ದ ಹುಡುಗ ಹುಡುಗಿಯ ಬಾಯಲ್ಲಿ ಈ ಪರದೇಶದಲ್ಲೂ ಕನ್ನಡ ಕೇಳಿ, ಯಾವೂರವರೆಂದು ವಿಚಾರಿಸೋಣ ಎಂದುಕೊಂಡಳು ಇಂದಿರಾ.

“ಚಿರಂತ್ ಕಾರಿಂದ ಇಳೀಲೇ ಇಲ್ಲ ಕಣೋ. ಸ್ನೋ ನೋಡಿದ್ರೆ ಸರಿಹೋಗ್ತಾನೆ ಅಂದಿದ್ದೆ ನೀನು.”

“ಇನ್ನೇನು ಮಾಡ್ಲಿ? ಪೊಮೊನಾದಲ್ಲಿ ಹಾಸ್ಟೆಲ್ ರೂಮ್ ಬಿಟ್ಟೇ ಬರಲ್ಲ. ಕ್ಲಾಸಿಲ್ಲ, ಊಟ ಇಲ್ಲ.”

“ಅವರಮ್ಮ ಇವತ್ತಿನ ಗ್ರೂಪ್ ಫೋಟೋ ಕಳಿಸು ಅಂತಿದಾರೆ. ಇವನೆಲ್ಲಿ ಅಂತ ಕೇಳಿದ್ರೆ?”

“ಫೋಟೋ ತೆಗೆದಿದ್ದೇ ಅವನು ಅನ್ನು.”

“ಹೋದ್ಸಲ ಬೀಚ್ ಫೋಟೋಗೂ ಅದನ್ನೇ ಹೇಳಿದ್ದೆ.”

“ನಂಬಿದ್ರಲ್ಲ.”

“ನನ್ನ ಮಗ ತೆಗೆದಿದ್ದು ಅಂತ ಅದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದಾರೆ ಕಣೋ.”

ಕೇಳಬೇಕೆಂದಿದ್ದ ಪ್ರಶ್ನೆ ಬಿಟ್ಟು ಇಂದಿರಾ ಒಂದು ಹೆಜ್ಜೆ ಹಿಂದೆ ಸರಿದಳು. ಮೂರು ಕಾಫಿ ಹಿಡಿದು ಇಬ್ಬರೂ ಕಾರಿನತ್ತ ನಡೆದರು.