ಏಳು ಕಿಲೋಮೀಟರ್ ಮುನ್ನೂರು ಮೀಟರಿನಲ್ಲಿ ನಾನು ನಿಂತ ಬಗ್ಗೆ

ನಾನು ಜ್ಞಾನೇಶ್ ಬಿನ್ ಉಜ್ಜನಪ್ಪ, ವಯಸ್ಸು 47 ವರ್ಷ, ಕಸುಬು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್, ಅಂಗಡಿ ದುರ್ಗಿಗುಡಿಯಲ್ಲಿ, ವಾಸ ಗೋಪಾಳ, ಶಿವಮೊಗ್ಗ ನಗರ. ದಿನಾಂಕ 22-01-2025ರ ಬುಧವಾರ ಮಧ್ಯಾಹ್ನ 1.40ಕ್ಕೆ, ಯಾರೂ ಕರೆಸದೆ, ನಾನಾಗಿಯೇ ಹೊಳೆಹೊನ್ನೂರಿನ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಇದು ನನ್ನ ಎರಡನೆಯ ಹೇಳಿಕೆ. ಮೊದಲನೆಯದನ್ನು ಕಳೆದ ಭಾನುವಾರ, ಅಂದರೆ 19ನೇ ತಾರೀಕು ಮಧ್ಯಾಹ್ನ 1 ಗಂಟೆಗೆ ಶಿವಮೊಗ್ಗದ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಕೊಟ್ಟಿದ್ದೆ. ಸೈಕಲ್ಲಿನಿಂದ ಬಿದ್ದ ಚೌಡಪ್ಪನವರನ್ನು ಕಂಡು ನಾನು "ಸೈಕಲ್ ನಿಲ್ಲಿಸಿ ವಿಚಾರಿಸಿದೆ" ಎಂದು ಅದರಲ್ಲಿ ಇದೆ. ಆ ಮಾತು ಈಗ ನನಗೆ ಖಾತ್ರಿ ಇಲ್ಲ. ಅದಕ್ಕಾಗಿ ಬಂದಿದ್ದೇನೆ.

ನಾನು ಎರಡು ವರ್ಷದಿಂದ ಶಿವಮೊಗ್ಗದ ಒಂದು ಸೈಕಲ್ ಬಳಗದಲ್ಲಿದ್ದೇನೆ. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ವೈದ್ಯರು ಹೇಳಿದರು, ನಡೆಯಲು ಬೇಸರವಾಗಿ ಸೈಕಲ್ ತೆಗೆದುಕೊಂಡೆ, ಆಮೇಲೆ ಅದು ಕಾಯಿಲೆಗಿಂತ ಜೋರಾಯಿತು. ಬಳಗದವರು ಟೈಮ್ ಟ್ರಯಲ್ ನಡೆಸುತ್ತಾರೆ. ಇದು ಎಲ್ಲರೂ ಒಟ್ಟಿಗೆ ಹೊರಡುವ ಪಂದ್ಯವಲ್ಲ. ನಿಮಿಷಕ್ಕೆ ಒಬ್ಬರಂತೆ ಬಿಡುತ್ತಾರೆ, ಪ್ರತಿಯೊಬ್ಬನೂ ಒಂಟಿಯಾಗಿ ಗಡಿಯಾರದ ಜೊತೆ ಗುದ್ದಾಡಬೇಕು. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿ ತಾಗುವುದಿಲ್ಲ, ಅದು ಮೋಸ. ಆದ್ದರಿಂದ ಹತ್ತು ಮೀಟರ್ ಹಿಂದೆ ಇರಬೇಕು, ಇಲ್ಲವೇ ಒಂದೇ ಉಸಿರಿಗೆ ದಾಟಿ ಹೋಗಬೇಕು. ನಮಗಿಂತ ಒಂದು ನಿಮಿಷ ಮುಂಚೆ ಹೊರಟವನನ್ನು ಹಿಡಿಯುವುದು ಇದರಲ್ಲಿ ದೊಡ್ಡ ಮರ್ಯಾದೆ. ಹನ್ನೊಂದು ಪಂದ್ಯಗಳಲ್ಲಿ ನಾನು ಯಾರನ್ನೂ ಹಿಡಿದಿಲ್ಲ. ನನ್ನನ್ನು ಎಲ್ಲರೂ ಹಿಡಿದಿದ್ದಾರೆ.

ಭಾನುವಾರದ ಪಂದ್ಯ ಭದ್ರಾವತಿಯ ಊರಾಚೆಯಿಂದ ಹೊಳೆಹೊನ್ನೂರಿನ ಕಡೆಗೆ ನಾಲೆಯ ಪಕ್ಕದ ರಸ್ತೆಯಲ್ಲಿ, 16 ಕಿಲೋಮೀಟರ್. ಒಟ್ಟು 34 ಜನ. ತಡವಾಗಿ ಹೆಸರು ಕೊಟ್ಟಿದ್ದರಿಂದ ನನ್ನದು ಕೊನೆಯ ನಂಬರ್, 34. ನನ್ನ ಹಿಂದೆ ಯಾರೂ ಇರಲಿಲ್ಲ. ನನ್ನ ಮುಂದಿನವನು 33ನೇ ನಂಬರಿನ ಲೋಹಿತ್, ವಯಸ್ಸು 22, ಬಳಗದ ಹಳದಿ ಅಂಗಿ ಹಾಕಿದ್ದ. ಅವನು 7.03ಕ್ಕೆ ಹೊರಟ. ನಾನು 7.04ಕ್ಕೆ. ಸಮಯ ನೋಡುವ ಶಿವಪ್ರಸಾದ್ ನನ್ನ ಸೀಟು ಹಿಡಿದುಕೊಂಡು, ಬೆಳಕಿರುವಾಗಲೇ ಬಂದು ಸೇರು ಮಾರಾಯ, ಇಡ್ಲಿ ಖಾಲಿ ಆಗ್ತದೆ ಎಂದು ತಮಾಷೆ ಮಾಡಿ ಬಿಟ್ಟರು. ಬಿಟ್ಟವರೇ ಕಾರಿನಲ್ಲಿ ಸುತ್ತು ದಾರಿಯಿಂದ ಮುಗಿಯುವ ಜಾಗಕ್ಕೆ ಹೋದರು.

ಸುಮಾರು 7.15ಕ್ಕೆ, ಹೊರಟ ಜಾಗದಿಂದ 5 ಕಿ.ಮೀ. ಹತ್ತಿರ, ಮುಂದೆ ಹಳದಿ ಅಂಗಿ ಕಂಡಿತು. ಲೋಹಿತ್ ನನ್ನ ಕೈಗೆ ಸಿಕ್ಕ ಎಂದುಕೊಂಡೆ. ಅವನು ನನಗಿಂತ ಒಂಬತ್ತು ನಿಮಿಷ ಬೇಗ ಮುಗಿಸುವವನು. ಹೀಗಾಗಲು ಸಾಧ್ಯವೇ ಎಂದು ಆಗ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ನನಗೆ ಆಗ ಆದ ಸಂತೋಷವನ್ನು ಬರೆಯುವ ಅಗತ್ಯವಿಲ್ಲ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್ ಸುಬ್ಬಪ್ಪನವರು ಹೇಳುತ್ತಾರೆ. ಬರೆಯಿರಿ ಎಂದು ನಾನು ಕೇಳಿಕೊಂಡಿದ್ದೇನೆ.

ದಾಟಲು ಉಸಿರು ಸಾಲಲಿಲ್ಲ. ಹಾಗಾಗಿ ನಿಯಮದ ಪ್ರಕಾರ ಹತ್ತು ಮೀಟರ್ ಬಿಟ್ಟು ಹಿಂದೆಯೇ ಹೋದೆ. ಹೀಗೆ ಎರಡು ಕಿಲೋಮೀಟರ್. ನಾನು ತಲೆ ಬಗ್ಗಿಸಿದ್ದೆ, ಹೆಲ್ಮೆಟ್ ಮತ್ತು ಕಪ್ಪು ಕನ್ನಡಕ ಹಾಕಿದ್ದೆ, ಮಾತಾಡಲಿಲ್ಲ. ಮುಂದಿನವರು ಜೋರು ಮಾಡಿದರೆ ನಾನೂ ಜೋರು, ಅವರು ನಿಧಾನಿಸಿದರೆ ನಾನೂ ನಿಧಾನ. ಅವರು ಎರಡು ಸಲ ತಿರುಗಿ ನೋಡಿದರು. ಎರಡನೇ ಸಲ ಸೀಟಿನಿಂದ ಎದ್ದು ನಿಂತು ತುಳಿದರು. ಕ್ಯಾರಿಯರಿನ ಮೇಲೆ ಗೋಣಿಚೀಲ ಕಟ್ಟಿದ್ದು ಕಂಡಿತು. ಈ ಆಟಕ್ಕೆ ದಿನಕ್ಕೊಂದು ಹೊಸ ಸಾಮಾನು ಬರುತ್ತದೆ, ಲೋಹಿತ್ ಗಾಳಿ ಸೀಳುವುದಕ್ಕೆ ಏನೋ ಕಟ್ಟಿಕೊಂಡಿದ್ದಾನೆ ಎಂದುಕೊಂಡೆ. ಅದು ಅವರೆಕಾಯಿ ಚೀಲವಾಗಿತ್ತು. ಹುಡುಗ ಇವತ್ತು ಸುಸ್ತಾಗಿದ್ದಾನೆ ಎಂದೂ ಅಂದುಕೊಂಡೆ.

7.3 ಕಿ.ಮೀ.ನಲ್ಲಿ ಬಲಗಡೆಯಿಂದ ದಾಟಿದೆ. ನಡುವೆ ಎರಡು ಮಾರು ಜಾಗವಿತ್ತು. ನನ್ನ ಸೈಕಲ್ ಅವರಿಗೆ ತಾಗಿಲ್ಲ. ಮುಖ ನೋಡಲಿಲ್ಲ, ಯಾಕೆಂದರೆ ದಾಟುವಾಗ ತಿರುಗಿ ನೋಡುವುದು ದುರಹಂಕಾರ ಎಂದು ನಮ್ಮಲ್ಲಿ ಮಾತಿದೆ. ದಾಟಿ ಮೂವತ್ತು ನಲವತ್ತು ಮೀಟರ್ ಹೋದ ಮೇಲೆ ಹಿಂದೆ ದಡ್ ಎಂದು ಸದ್ದಾಯಿತು. ಸಮಯ 7.21. ಕಂಕುಳಿನ ಸಂದಿಯಿಂದ ಹಿಂದೆ ನೋಡಿದೆ. ಸೈಕಲ್ ಮಲಗಿತ್ತು. ಹಳದಿ ಅಂಗಿ ರಸ್ತೆಯ ಅಂಚಿನಲ್ಲಿ ಕೂತಿತ್ತು.

ಇದರ ಮುಂದಿನದೇ ನನಗೆ ಗೊಂದಲ. ಅದನ್ನು ಕೊನೆಗೆ ಹೇಳುತ್ತೇನೆ ಎಂದೆ. ಸುಬ್ಬಪ್ಪನವರು, ರೀ ಸ್ವಾಮಿ, ಇದು ಹರಿಕಥೆ ಅಲ್ಲ, ನಡೆದ ಹಾಗೆ ಸಾಲಾಗಿ ಹೇಳಿ ಎಂದರು. ಆದರೆ ಏನು ನಡೆಯಿತು ಎಂಬುದೇ ನನಗೆ ಸಾಲಾಗಿ ತಿಳಿದಿಲ್ಲವಾದ್ದರಿಂದ, ತಿಳಿದಿರುವುದನ್ನು ಸಾಲಾಗಿ ಹೇಳುತ್ತೇನೆ.

7.40ಕ್ಕೆ ಮುಗಿಸಿದೆ. ಶಿವಪ್ರಸಾದ್ ಗಡಿಯಾರ ತೋರಿಸಿ, ಮೂವತ್ತಾರು ನಿಮಿಷ ನಲವತ್ತು ಸೆಕೆಂಡ್, ಏನ್ ತಿಂದ್ಕೊಂಡ್ ಬಂದ್ಯೋ ಜ್ಞಾನೇಶ ಎಂದು ಬೆನ್ನಿಗೆ ಗುದ್ದಿದರು. ನನ್ನ ಹಿಂದಿನ ಸಮಯಕ್ಕಿಂತ ಒಂದು ನಿಮಿಷ ಐವತ್ತೆರಡು ಸೆಕೆಂಡ್ ಕಡಿಮೆ. ಫೋಟೋ ತೆಗೆದರು. ಅದರಲ್ಲಿ ನಾನು ನಗುತ್ತಿದ್ದೇನೆ. ನಾನು ರಸ್ತೆಯ ಕಡೆ ನೋಡುತ್ತಾ, ಲೋಹಿತ್ ಬಿದ್ದ, ಎದ್ದು ಬರ್ತಾನೆ ಪಾಪ ಎಂದೆ. ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

7.48ಕ್ಕೆ ಹಿಂದಿನಿಂದ ಒಬ್ಬರು ಭುಜ ತಟ್ಟಿದರು. ಲೋಹಿತ್. ಕೈಯಲ್ಲಿ ಇಡ್ಲಿ ತಟ್ಟೆ. ಅಂಕಲ್, ಕಂಗ್ರಾಟ್ಸ್ ಎಂದ. ಯಾವಾಗ ಬಂದೆಯೋ ಎಂದು ಕೇಳಿದೆ. ನಾನಾ, ಏಳೂವರೆಗೇ ಬಂದೆ, ಇದು ಮೂರನೇ ಪ್ಲೇಟು ಎಂದ. ನಿನ್ನನ್ನು ನಾನು ಹಿಡಿದೆನಲ್ಲ ಎಂದೆ. ನನ್ನನ್ನಾ, ಕನಸಲ್ಲಿರ್ಬೇಕು ಅಂಕಲ್ ಎಂದು ನಕ್ಕ. ಹಾಗಾದರೆ ಅಲ್ಲಿ ಕೂತಿದ್ದು ಯಾರು ಎಂದು ಶಿವಪ್ರಸಾದರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲು ಎರಡು ನಿಮಿಷ ಹಿಡಿಯಿತು.

7.51ಕ್ಕೆ ಶಿವಪ್ರಸಾದರ ಕಾರಿನಲ್ಲಿ ಹೊರಟು 8.06ಕ್ಕೆ ಆ ಜಾಗ ಮುಟ್ಟಿದೆವು. ರಸ್ತೆಯ ಮೇಲೆ ಸೈಕಲ್ ಇತ್ತು, ಅವರೆಕಾಯಿ ಚೆಲ್ಲಿತ್ತು, ಜನ ಇರಲಿಲ್ಲ. ಅಂಚಿನಿಂದ ಎರಡು ಮೀಟರ್ ಕೆಳಗೆ, ನಾಲೆಯ ಕಡೆಯ ಹುಲ್ಲಿನಲ್ಲಿ ಒಬ್ಬರು ಪಕ್ಕಕ್ಕೆ ಮಲಗಿದ್ದರು. ಬಿಳಿ ಮೀಸೆ. ಹಳದಿ ಅಂಗಿ ಹೋದ ವರ್ಷ ಪಂದ್ಯದಲ್ಲಿ ನೀರು ಕೊಟ್ಟವರಿಗೆ ಬಳಗವೇ ಹಂಚಿದ್ದು. ಅವರೇ ಚೌಡಪ್ಪ, ವಯಸ್ಸು 61, ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸದಿಂದ ನಿವೃತ್ತರು, ತಂಗಿಯ ಮನೆಗೆ ಹೊರಟಿದ್ದವರು. ಏಳಲು ಪ್ರಯತ್ನಿಸಿ ಜಾರಿ ಕೆಳಗೆ ಹೋಗಿದ್ದರು. ಮೊಬೈಲ್ ನೀರಿಗೆ ಬಿದ್ದಿತ್ತು. ಸೊಂಟದ ಮೂಳೆ ಮುರಿದಿತ್ತು. ಅವರಿಗೆ ಪ್ರಜ್ಞೆ ಇತ್ತು, ಆದರೆ ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ಬರಲಿಲ್ಲ. ಬಿದ್ದದ್ದು 7.21, ನಾವು ಮುಟ್ಟಿದ್ದು 8.06. ನಲವತ್ತೈದು ನಿಮಿಷ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಅವರು ಬಿದ್ದಾಗ ನೀನು ನೋಡಿದ್ಯಾ ಎಂದು ಶಿವಪ್ರಸಾದ್ ಕೇಳಿದರು. ನೋಡಿದೆ ಎಂದೆ. ಆಸ್ಪತ್ರೆಯ ಬಾಗಿಲಲ್ಲಿ ನನ್ನ ಹೆಂಡತಿ ಜಗದಾಂಬಾ ಫೋನಿನಲ್ಲಿ ಕೇಳಿದಾಗ, ನೋಡಿ ನಿಧಾನ ಮಾಡಿದೆ ಎಂದೆ. ಚೌಡಪ್ಪನವರ ಹೆಂಡತಿ ಹಾಲಮ್ಮನವರು ಅಳುತ್ತಾ ಬಂದು ಕೇಳಿದಾಗ, ನಿಂತೆ ಅಮ್ಮಾ, ಏನೂ ಆಗಿಲ್ಲ ಅಂತ ಕೈ ಆಡಿಸಿದ್ರು ಎಂದೆ. ಒಂದು ಗಂಟೆಗೆ ಪೊಲೀಸರು ಕೇಳಿದಾಗ, ಸೈಕಲ್ ನಿಲ್ಲಿಸಿ, ಒಂದು ಕಾಲು ಊರಿ, ಏನಾಯ್ತು ಯಜಮಾನ್ರೇ ಎಂದು ವಿಚಾರಿಸಿದೆ, ಏನೂ ಇಲ್ಲ ಹೋಗಿ ಎಂದರು ಎಂದೆ. ನಾನು ಹಳ್ಳಿಯಲ್ಲಿ ಕಥೆ ಹೇಳುವವರ ಮನೆಯಲ್ಲಿ ಬೆಳೆದವನು. ಕಥೆ ಒಂದು ಬಾಯಿಂದ ಒಂದು ಬಾಯಿಗೆ ಹೋಗುವಾಗ ಬೆಳೆಯುವುದನ್ನು ಕಂಡಿದ್ದೇನೆ. ಒಂದೇ ಬಾಯಲ್ಲಿ ಐದು ಗಂಟೆಯೊಳಗೆ ಬೆಳೆದದ್ದು ಆಗ ನನಗೆ ತಿಳಿಯಲಿಲ್ಲ. ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಕಾಲು ಊರಿದ್ದು, ಬಿಳಿ ಮೀಸೆ, ಅವರ ದನಿ ಎಲ್ಲ ಬರುತ್ತದೆ. ಆದರೆ ಬಿಳಿ ಮೀಸೆಯನ್ನು ನಾನು ಮೊದಲು ಕಂಡದ್ದು 8.06ಕ್ಕೆ. ನಿಂತು ವಿಚಾರಿಸಿದ್ದೇ ಆಗಿದ್ದರೆ, 7.48ರವರೆಗೆ ಅವರನ್ನು ಲೋಹಿತ್ ಎಂದು ಹೇಗೆ ತಿಳಿದಿದ್ದೆ?

ಸೋಮವಾರ 20ನೇ ತಾರೀಕು ರಾತ್ರಿ ಊಟಕ್ಕೆ ಮುಂಚೆ, ನನ್ನ ಸೈಕಲ್ಲಿನ ಹ್ಯಾಂಡಲ್ ಮೇಲಿರುವ ಸಣ್ಣ ಯಂತ್ರದ ದಾಖಲೆಯನ್ನು ಮೊಬೈಲಿನಲ್ಲಿ ತೆಗೆದು ಜಗದಾಂಬಾಳಿಗೆ ತೋರಿಸಿದೆ. ಆ ಯಂತ್ರ ಸೆಕೆಂಡ್ ಸೆಕೆಂಡಿಗೂ ವೇಗ ಬರೆದಿಡುತ್ತದೆ. ನಿಂತರೆ ಗೆರೆ ಸೊನ್ನೆಗೆ ಇಳಿಯುತ್ತದೆ. ಅಷ್ಟು ಬೇಗ ಮುಗಿಸಿದೆನಲ್ಲ, ಅದನ್ನು ತೋರಿಸುವ ಆಸೆ ನನಗಿತ್ತು. ಅವಳು ಗೆರೆಯನ್ನು ಬೆರಳಲ್ಲಿ ಸವರಿಕೊಂಡು ಹೋಗಿ, ಪೊಲೀಸ್ರಿಗೆ ನಿಂತಿದ್ದೆ ಅಂದ್ರಲ್ಲ, ಎಲ್ಲಿ ನಿಂತಿದ್ದು ತೋರ್ಸಿ ಎಂದಳು. ಹುಡುಕಿದೆ. 7.3 ಕಿ.ಮೀ. ಆದ ಮೇಲೆ ಎಲ್ಲಿಯೂ ಗೆರೆ ಸೊನ್ನೆಗೆ ಇಳಿದಿಲ್ಲ. ಇಳಿದೇ ಇಲ್ಲ. ಸದ್ದು ಕೇಳಿದ ಮೇಲಿನ ಇನ್ನೂರು ಮೀಟರಿನಲ್ಲಿ ವೇಗ ಗಂಟೆಗೆ 31.4 ಕಿ.ಮೀ. ಇಡೀ ಪಂದ್ಯದಲ್ಲಿ ಅದೇ ಹೆಚ್ಚಿನ ವೇಗ. ಯಂತ್ರ ಕೆಟ್ಟಿರಬೇಕು ಎಂದೆ. ಅವಳು, ಇರ್ಬೋದು ಬಿಡಿ, ಏಳಿ ಊಟಕ್ಕೆ ಎಂದಳು.

ಮೋಟಾರ್ ಕೆಟ್ಟಿದೆ ಎಂದು ತಂದವರಿಗೆ, ಮೊದಲು ಕರೆಂಟ್ ಕೊಟ್ಟು ನೋಡೋಣ ಎನ್ನುವುದು ನನ್ನ ಕಸುಬು. ಮಂಗಳವಾರ ಬೆಳಗ್ಗೆ ಅದೇ ಸೈಕಲ್, ಅದೇ ಯಂತ್ರದೊಂದಿಗೆ ಅದೇ ಜಾಗಕ್ಕೆ ಹೋದೆ. ಹುಲ್ಲು ಇನ್ನೂ ಒರಗಿತ್ತು. ಅಲ್ಲಿ ನಿಂತು, ಒಂದು ಕಾಲು ಊರಿ, ಏನಾಯ್ತು ಯಜಮಾನ್ರೇ ಎಂದು ಬಾಯಿಬಿಟ್ಟು ಹೇಳಿ, ಉತ್ತರ ಬರುವಷ್ಟು ಹೊತ್ತು ಕಾದು ಹೊರಟೆ. ಒಂಬತ್ತು ಸೆಕೆಂಡ್ ಆಯಿತು. ಗೆರೆ ಸೊನ್ನೆಗೆ ಇಳಿದು ಒಂಬತ್ತು ಸೆಕೆಂಡ್ ಅಲ್ಲೇ ಇತ್ತು. ಮೂರು ಸಲ ಮಾಡಿದೆ. ಮೂರು ಸಲವೂ ಇಳಿಯಿತು. ಯಂತ್ರ ಸರಿಯಿದೆ.

ಅದೇ ದಿನ ಸಂಜೆ 4.15ಕ್ಕೆ ಆಸ್ಪತ್ರೆಗೆ ಹೋದೆ. ಚೌಡಪ್ಪನವರಿಗೆ ಆಪರೇಷನ್ ಆಗಿತ್ತು, ಚೆನ್ನಾಗಿ ಮಾತಾಡಿದರು. ನಲವತ್ತು ವರ್ಷ ಸೈಕಲ್ ತುಳಿದಿದೀನಿ, ಯಾವ ಬಡ್ಡಿಮಗನಿಗೂ ಸೈಡು ಕೊಟ್ಟೋನಲ್ಲ, ನೀವು ಬಾಲದಂಗೆ ಹಿಂದೆ ಬರ್ತಿದ್ರಲ್ಲ, ನಂಗೂ ಹುರುಪು ಬಂತು, ನೀವು ದಾಟಿದ ಮೇಲೆ ಹಿಡೀಬೇಕು ಅಂತ ತುಳಿದೆ, ಚಕ್ರ ಟಾರು ಬಿಟ್ಟು ಇಳೀತು, ನಿಮ್ ತಪ್ಪೇನಿಲ್ಲ ಎಂದರು. ಹಾಲಮ್ಮನವರು, ಈ ವಯಸ್ಸಲ್ಲಿ ರೇಸಂತೆ ರೇಸು, ಮೊಮ್ಮಕ್ಕಳು ಕೇಳಿದ್ರೆ ನಗ್ತಾವೆ ಎಂದು ಬೈದು, ನನಗೆ ಕಿತ್ತಳೆ ಸುಲಿದು ಕೊಟ್ಟರು. ಆಮೇಲೆ ಚೌಡಪ್ಪನವರು ನನ್ನ ಕೈ ಹಿಡಿದು, ಬಿದ್ದ ಮೇಲೆ ನಂಗೊಂದೂ ನೆನಪಿಲ್ಲ, ನೀವು ನಿಂತು ಮಾತಾಡ್ಸಿದ್ರಂತಲ್ಲ, ಪೊಲೀಸ್ನೋರು ಓದಿ ಹೇಳಿದ್ರು, ನಾನೇ ಹೋಗಿ ಅಂದೆನಂತೆ, ನನ್ನ ಸೊಕ್ಕು ನೋಡಿ, ಅದ್ಕೇ ಅಷ್ಟೊತ್ತು ಬಿದ್ದಿದ್ದು, ಅನುಭವಿಸ್ಬೇಕು ಎಂದರು. ಅಷ್ಟೊತ್ತು ಒಬ್ಬರೇ ಬಿದ್ದಿದ್ದು ತಮ್ಮದೇ ತಪ್ಪು ಎಂದು ಅವರು ನಂಬಿದ್ದಾರೆ. ನಾನು ಕಿತ್ತಳೆ ತಿಂದು ಬಂದೆ.

ಇಂದು ಬೆಳಗ್ಗೆ ಶಿವಪ್ರಸಾದರಿಗೆ ಫೋನ್ ಮಾಡಿ ಠಾಣೆಗೆ ಹೋಗುತ್ತೇನೆ ಎಂದೆ. ಅವರು, ತಲೆ ಕೆಟ್ಟಿದೆಯೇನೋ, ಅವರೇ ತಪ್ಪಿಲ್ಲ ಅಂದಿದಾರೆ, ಮುಂದಿನ ವರ್ಷ ಪಂದ್ಯಕ್ಕೆ ಪರ್ಮಿಷನ್ ಸಿಗೋದು ಬೇಡ್ವಾ, ಸುಮ್ನಿರು ಮಾರಾಯ ಎಂದರು. ಸುಬ್ಬಪ್ಪನವರೂ, ಯಾಕ್ರೀ ಇಲ್ಲದ್ದನ್ನ ಮೈಮೇಲೆ ಎಳ್ಕೊಳ್ತೀರಿ ಎಂದು ಕೇಳಿದರು. ನಿಂತೆನೋ ಇಲ್ಲವೋ ಒಂದನ್ನು ಹೇಳಿ, ಎರಡೂ ಬರೆಯಲಿಕ್ಕಾಗುವುದಿಲ್ಲ ಎಂದರು. ನಿಂತ ನೆನಪು ನನಗಿದೆ. ನಾನು ನಿಲ್ಲಲಿಲ್ಲ. ಹೀಗೆಯೇ ಬರೆಯಿರಿ ಎಂದು ಹೇಳಿದ್ದೇನೆ.

ಹಿಂದಿನ ಹೇಳಿಕೆಯ ಆ ಸಾಲನ್ನು ಹೊಡೆದುಹಾಕಿ ಎಂದು ಕೇಳಿದೆ. ಸಹಿ ಆದದ್ದನ್ನು ಹೊಡೆಯುವಂತಿಲ್ಲ, ಎರಡೂ ಕಡತದಲ್ಲಿ ಇರುತ್ತವೆ ಎಂದರು. ಯಂತ್ರವನ್ನು ಒಪ್ಪಿಸಿದ್ದೇನೆ. ಇದನ್ನೂ ಚೌಡಪ್ಪನವರಿಗೆ ಓದಿ ಹೇಳಬೇಕೆಂದು ಬೇಡಿಕೊಂಡೆ. ಸುಬ್ಬಪ್ಪನವರು ಪೆನ್ನು ಕೆಳಗಿಟ್ಟು, ಇದನ್ನ ನಾವ್ ಓದೋದಲ್ಲ, ನೀವೇ ಹೋಗಿ ಹೇಳ್ಬೇಕು ಎಂದರು. ಆಸ್ಪತ್ರೆಯಲ್ಲಿ ಭೇಟಿಯ ಸಮಯ ಸಂಜೆ 4ರಿಂದ 6. ಈಗ 3.10. ಇಲ್ಲಿಂದ ಅಲ್ಲಿಗೆ ಸುಮಾರು 20 ಕಿಲೋಮೀಟರ್. 3.25ಕ್ಕೆ ಬಸ್ಸಿದೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಸಲ ನಿಜ.

ಸ್ಥಳ: ಹೊಳೆಹೊನ್ನೂರು
ದಿನಾಂಕ: 22-01-2025
ಸಹಿ: ಜ್ಞಾನೇಶ್ ಯು.